ಹೊಸಾ ಎಂಜಿನ್ನಿನ ಮೊದಲ ದಿನಾ ಮಂದೀಗಿ ಕರೀಬ್ಯಾಡ್ರಿ

ನಮ್ಮ ಕಡಿ ಹೊಸಾದೇನರ ಮನಿಗಿ ಬಂತಂದ್ರ ಕುಂಕುಮ ಹಚ್ಚಿ ಕಾಯಿ ಒಡೀತೀವಿ, ಆಮ್ಯಾಲ ಮಂದೀಗಿ ಕರದು ತೋರಸ್ತೀವಿ. ಟ್ರ್ಯಾಕ್ಟರ್ ಇರ್ಲಿ, ಮೋಟರ್‌ಸೈಕಲ್ ಇರ್ಲಿ, ಮಿಕ್ಸಿ ಇರ್ಲಿ, ಚಾಲೂ ಮಾಡಿ ತೋರಸಬೇಕು, ಅದೂ ಜೋರಾಗಿ. ಕಾಯಿ ಒಡೀರಿ, ನಂದೇನೂ ತಕರಾರಿಲ್ಲ. ಆದ್ರ ಎಂಜಿನ್ ಇದ್ದದ್ದು ಏನರ ತಂದ್ರ ಮೊದಲ ದಿನಾ ಮಂದೀಗಿ ಕರೀಬ್ಯಾಡ್ರಿ ಅಂತ ನಾ ಹೇಳಾಕಿ. ಈ ಮಾತು ಕಲೀಲಾಕ ನನಗ 8 ಸಾವಿರ ರೂಪಾಯಿ ಬಿದ್ದದ, ಅದೂ ಸಂಘದ ಸಾಲದ ರೊಕ್ಕ. ನಿಮಗ ಪುಕ್ಕಟ ಸಿಗಲಾಕತ್ತದ, ಕೇಳ್ರಿ.

ನಾ ಹೇಳೂ ಎಂಜಿನ್ ಟ್ರ್ಯಾಕ್ಟರಿಂದಲ್ಲ, ಪಂಪ್‌ಸೆಟ್ಟಿಂದೂ ಅಲ್ಲ. ಅಂಗೈ ಮ್ಯಾಲ ಕೂಡೂ ಅಷ್ಟು ಸಣ್ಣದು. ರಿಮೋಟ್ ಹಿಡಕೊಂಡು ಹಾರಸೂ ಸಣ್ಣ ವಿಮಾನದ್ದು. ಅದರ ಹೊಟ್ಟಿ ಏಳೂವರಿ ಸಿಸಿ, ಅಂದ್ರ ಕೂಸಿಗಿ ಔಷಧ ಕುಡಸೂ ಚಮಚಾದಾಗ ಒಂದೂವರಿ ಚಮಚಾ. ತೂಕ ಅರ್ಧಾ ಕೇಜಿ. ಆದ್ರ ತಿರುಗೂದು ನೋಡಿದ್ರ ನಮ್ಮ ಹೊಲದಾಗಿನ ಡೀಸಲ್ ಎಂಜಿನ್ ಮಿನಿಟಿಗಿ 1,500 ಸುತ್ತು ತಿರುಗಿದ್ರ, ಇದು 11 ಇಂಚಿನ ಪಂಖಾ ಕಟಗೊಂಡು 10–12 ಸಾವಿರ ಸುತ್ತು ತಿರಗ್ತದ.

ಗೋಗಿಯಾಗ ವಿಮಾನ ಎಲ್ಲಿಂದ ಬಂತವ್ವಾ ಅಂತ ಕೇಳಬ್ಯಾಡ್ರಿ. ನಮ್ಮೂರು ಅಂದ್ರ ಹೊರಗಿನ ಮಂದೀಗಿ ಚಂದಾ ಹುಸೇನಿ ದರ್ಗಾ ಗೊತ್ತು, ಅದರ ಬಾಜೂಕ ಬಿಜಾಪುರದ ಮೊದಲನೇ ಆದಿಲಶಾಹಿ ದೊರಿ ಯೂಸುಫ್ ಆದಿಲಶಾನ ಗೋರಿ ಗೊತ್ತು. ನಮಗ ಗೊತ್ತಿರೂದು ಹತ್ತಿ, ತೊಗರಿ, ಮೆಣಸಿನಕಾಯಿ. ಆದ್ರ ಆಕಾಶ ಎಲ್ಲಾರದೂ ಹೌದಲ್ರಿ. ಭಾರತದ ವಾಯುಸೇನಾದ ಸೂರ್ಯಕಿರಣ ವಿಮಾನ ತಂಡ 1996ರಾಗ ಹುಟ್ಟಿದ್ದು ನಮ್ಮ ಬೀದರಿನಾಗ. ನನ್ನ ಮಗ ಸಣ್ಣಾಂವ ಇದ್ದಾಗಿಂದ ವಿಮಾನದ ಸಪ್ಪಳ ಬಂದ್ರ ತಾಟಿನ ಮುಂದಿಂದ ಎದ್ದು ಅಂಗಳಕ್ಕ ಓಡಾಂವ. ಆಮ್ಯಾಲ ಬೆಂಗಳೂರಿನಾಗ ಮೆಕ್ಯಾನಿಕಲ್ ಡಿಪ್ಲೊಮಾ ಓದ್ಲಾಕ ಹೋದ. ಅಲ್ಲಿ ಎನ್.ಸಿ.ಸಿ. ಏರ್ ವಿಂಗಿನ ಹುಡುಗರ ಗೆಳೆತನ ಆಯ್ತು. ಎನ್.ಸಿ.ಸಿ. ಏರ್ ವಿಂಗಿನಾಗ ಮಾಡೆಲ್ ವಿಮಾನ ಕಟ್ಟಿ ಹಾರಸೂದು ಒಂದು ಪಾಠನೇ ಅದ, ವಾಯು ಸೈನಿಕ ಕ್ಯಾಂಪಿನಾಗ ಅದರ ಸ್ಪರ್ಧಾನೂ ಇರ್ತದ. ಇಂವ ಎನ್.ಸಿ.ಸಿ. ಸೇರಲಿಲ್ಲ, ಆ ಹುಚ್ಚು ಮಾತ್ರ ಹಚಗೊಂಡು ಬಂದ. ಎರಡು ಸಬ್ಜೆಕ್ಟ್ ಬಾಕಿ ಉಳಸ್ಕೊಂಡು ಊರಿಗಿ ಬಂದು, ಶಹಾಪುರದಾಗ ಒಂದು ಟ್ರ್ಯಾಕ್ಟರ್ ಗ್ಯಾರೇಜಿಗಿ ಹೋಗ್ಲಾಕ ಚಾಲೂ ಮಾಡ್ದ.

ಬಂದು ವರ್ಷ ಆಗಿತ್ತು, ಒಂದಿನ ನನ್ನ ಹತ್ರ ಕುಂತು, "ಯವ್ವಾ, ಒಂದು ಎಂಜಿನ್ ಬೇಕಾಗ್ಯದ" ಅಂದ. ಅವರಪ್ಪಗ ಹೇಳೂ ಧೈರ್ಯ ಇರಲಿಲ್ಲ. ಸಂಘದಾಗ ನನ್ನ ಸರದಿ ಬಂದಿತ್ತು, ಕೊಟ್ಟೆ. ಯಾಕ ಕೊಟ್ಟೆ ಅಂದ್ರ, ಊರಿಗಿ ಬಂದಾಗಿಂದ ಅಂವ ಏನರ ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಎಂಜಿನ್ ಬಂತು. ಅದಕ್ಕ ಪೆಟ್ರೋಲ್ ನಡ್ಯಂಗಿಲ್ಲ, ಡೀಸಲ್ಲೂ ನಡ್ಯಂಗಿಲ್ಲ. ಮೆಥನಾಲ್ ಅಂತ ಒಂದು ಸ್ಪಿರಿಟ್ ಬೇಕು, ಅದರಾಗ ಔಡಲೆಣ್ಣಿ ಕಲಸಬೇಕು. ನಾಕು ಪಾಲು ಮೆಥನಾಲ್, ಒಂದು ಪಾಲು ಔಡಲೆಣ್ಣಿ. ದೇಶ ದೇಶದ ನಡುವಿನ ಸ್ಪರ್ಧಾದಾಗೂ ಇದೇ ಲೆಕ್ಕದ ಎಣ್ಣಿ ಬಳಸ್ತಾರಂತ. ಔಡಲೆಣ್ಣಿ ಅಂದಕೂಡ್ಲೆ ನನಗ ನಗಿ ಬಂತು. ತೊಗರಿ ಹೊಲದ ಬದುವಿಗಿ ಔಡಲ ಹಾಕಿ, ಬೀಜ ಹುರದು, ಕುಟ್ಟಿ, ನೀರಾಗ ಕುದಿಸಿ ಎಣ್ಣಿ ತೆಗೀತಿದ್ದ ಕಾಲ ನಾ ಕಂಡೀನಿ. ಕೂಸಿನ ನೆತ್ತಿಗಿ, ಹೊಟ್ಟಿ ಕಟ್ಟಿದ್ರ ಕುಡೀಲಾಕ ಅದೇ ಎಣ್ಣಿ. ಅಂಥಾ ಎಣ್ಣಿ ವಿಮಾನಕ್ಕ ಹೋಗ್ತದಂದ್ರ!

ಆದ್ರ ಇದು ಹೊಸಾ ಮಾತಲ್ಲಂತ. 1914ರ ಮೊದಲ ಮಹಾಯುದ್ಧದಾಗ ತಿರುಗಣಿ ಎಂಜಿನ್ನಿನ ವಿಮಾನಕ್ಕೆಲ್ಲಾ ಔಡಲೆಣ್ಣಿನೇ ಹಾಕ್ತಿದ್ರು. ಅದರ ಹೊಗಿ ಮಾರಿಗಿ ಬಡದು ಬಡದು ಪೈಲಟ್‌ಗೋಳಿಗಿ ಹೊಟ್ಟಿ ಕೆಡ್ತಿತ್ತು ಅಂತ ಹೇಳ್ತಾರ. ನಮ್ಮ ಮುದುಕೇರು ಇದ್ದಿದ್ರ ಮೊದ್ಲೇ ಹೇಳ್ತಿದ್ರು. ಕ್ಯಾಸ್ಟ್ರಾಲ್ ಅನ್ನೂ ಹೆಸರೂ ಔಡಲದ ಇಂಗ್ಲಿಷ್ ಹೆಸರಿನಿಂದನೇ ಬಂದದ್ದು. ಯಾಕ ಔಡಲನೇ ಬೇಕಂದ್ರ, ನೆಲದಾಗಿನ ಎಣ್ಣಿ ಮೆಥನಾಲಿನಾಗ ಕೂಡಂಗಿಲ್ಲ, ನೀರಿನ ಮ್ಯಾಲ ತೇಲಿದಂಗ ಬ್ಯಾರೆ ಆಗ್ತದ. ಔಡಲ ಕೂಡ್ತದ. ಮ್ಯಾಲ ಎಂಥಾ ಕಾವು ಹತ್ತಿದ್ರೂ ಕಬ್ಬಿಣದ ಮೈ ಬಿಡಂಗಿಲ್ಲ. ರೊಟ್ಟಿ ಹಂಚಿಗಿ ಹತ್ತಿದ ಎಣ್ಣಿ ಕಂದು ಬಣ್ಣಕ್ಕ ತಿರುಗಿ ಪದರ ಕಟ್ತದಲ್ರಿ, ಹಂಗ. ನಾ ನಮ್ಮ ಗಡಿಗ್ಯಾಗಿನ ಮನಿ ಎಣ್ಣಿ ಕೊಟ್ಟೆ. ಅಂವ ಬಾಟ್ಲಿಗಿ ಹಾಕಿ ಬೆಳಕಿಗಿ ಹಿಡದು, "ಯವ್ವಾ, ಇದರಾಗ ನೀರಿನ ಪಸಿ ಅದ, ಗಸಿ ಅದ, ಸೂಜಿ ತೂತು ಕಟ್ತದ" ಅಂತ ವಾಪಸ್ ಕೊಟ್ಟ. ಅಂಗಡಿಯಾಗಿನ ಶುದ್ಧ ಮಾಡಿದ್ದೇ ತಂದ.

ಇನ್ನ ಆ ಖೊಟ್ಟಿ ದಿನದ ಮಾತು.

ಅವತ್ತು ಎಳ್ಳಮಾಸಿ. ನಮ್ಮ ಕಡಿ ಎಳ್ಳಮಾಸಿ ಅಂದ್ರ ಗೊತ್ತಲ್ಲ, ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಕಟಗೊಂಡು ಹೊಲಕ್ಕ ಹೋಗಿ ಚರಗ ಚೆಲ್ಲಿ ಬೀಗರು-ಬಿಜ್ಜರು ಕೂಡಿ ಉಣ್ಣೂ ಹಬ್ಬ. ಮೈದುನ, ನೆಗೇಣಿ, ಅವರ ಮಕ್ಕಳು, ನನ್ನ ತಂಗಿ, ಆಕಿ ಗಂಡ ಎಲ್ಲಾರೂ ಬಂದಿದ್ರು. ಮಗ ಎಂಜಿನ್ ತಂದಿದ್ದು ನಾನೇ ಎಲ್ಲಾರಿಗೂ ಹೇಳೀನಿ. ಹಿಂದಿನ ದಿನಾ ಮಧ್ಯಾಹ್ನ ಒಂದೇ ಒಂದು ಟಾಕಿ ಎಣ್ಣಿ ಓಡಿಸಿದ್ದ. "ಇನ್ನಾ ಪಳಗಿಲ್ಲ ಯವ್ವಾ, ಇವತ್ತು ಬ್ಯಾಡ" ಅಂದ. ನಾ ಕೇಳಲಿಲ್ಲ. ಮೂರು ವರ್ಷದಿಂದ ಬೀಗರ ಬಾಯಾಗ "ನಿಮ್ಮ ಹುಡುಗ ಪಾಸಾದ್ನೇನವ್ವಾ?" ಅನ್ನೂ ಮಾತು ಕೇಳಿ ಕೇಳಿ ನನ್ನ ಕಿವಿ ಸುಟ್ಟಿದ್ವು. ಇವತ್ತೊಂದಿನ ನನ್ನ ಮಗ ಏನ್ ಮಾಡ್ತಾನ ಅಂತ ಮಂದಿ ನೋಡ್ಲಿ ಅನ್ನೂ ಆಸಿ ನನಗ.

ಟ್ರಾಲಿ ಅಂಚಿಗಿ ಹಲಿಗಿ ಬಿಗದು, ಹಲಿಗಿಗಿ ಎಂಜಿನ್ ಬಿಗದು ಚಾಲೂ ಮಾಡ್ದ. ಮೊದಲಿಗಿ ಬಳಬಳ ಬಳಬಳ ಅಂತ ಹೊಗಿ ಉಗುಳಕೋತ, ಎಣ್ಣಿ ಚೆಲ್ಲಕೋತ ನಡೀತು. ಬಂದವ್ರು ಮುಸಿಮುಸಿ ನಕ್ರು. ಮೈದುನ, "ಇದೇನೋ, ಕೆಮ್ಮು ಬಂದ ಮುದುಕನಂಗ ಅದ" ಅಂದ. ನನಗ ತಡಕೊಳ್ಳಲಾಕ ಆಗಲಿಲ್ಲ. "ಜೋರ ಮಾಡೋ, ಎಲ್ಲಾರೂ ನೋಡ್ಲಾಕ ನಿಂತಾರ" ಅಂತ ನಾನೇ ಒದರದೆ. ಅಂವ ನನ್ನ ಮಾರಿ ನೋಡ್ದ, ಸೂಜಿ ತಿರುವ್ದ. ಸಪ್ಪಳ ಏರಿತು. ಹೊಗಿ ನಿಂತಿತು. ಇನ್ನಟು ತಿರುವ್ದ. ಚೀಂ ಅಂತ ಹೊಲ ಎಲ್ಲಾ ತುಂಬಿತು. ಹುಡುಗರು ಚಪ್ಪಾಳಿ ಬಡದ್ರು, ನಾನೂ ಬಡದೆ. ಎರಡು ಮಿನಿಟ್ ಆಗಿರಲಿಲ್ಲ, ಕಿರ್ ಅಂದು ನಿಂತೇ ಬಿಡ್ತು.

ಆರಿದ ಮ್ಯಾಲ ಕೈಲಿ ಪಂಖಾ ತಿರುವಿದ್ರ ಮೊದಲಿನ ಬಿಗಿ ಇಲ್ಲ, ಸಡಲ ಆಗಿ ಸುಳಸುಳ ತಿರುಗ್ತದ. ಗ್ಯಾರೇಜಿನಾಗ ಬಿಚ್ಚಿ ನೋಡಿದ್ರ ಪಿಸ್ಟನ್ ಮೈ ಮ್ಯಾಲ ಗೆರಿ, ಸ್ಲೀವಿನ ಒಳಗ ಅಲ್ಯುಮಿನಿಯಂ ಹತ್ತಿ ಕೂತದ. ನಮ್ಮ ಮನಿಯವರು ಒಂದೇ ಮಾತು ಅಂದ್ರು: "ಎರಡು ಮಿನಿಟಿನಾಗ 8 ಸಾವಿರ." ಬೀಗರು ಅಂದ್ರು, "ಅಗ್ಗದ ಮಾಲು, ಅದಕ್ಕ ಹೋಯ್ತು." ಮಗ ಯಾರ ಮುಂದೂ "ನಮ್ಮವ್ವ ಹೇಳಿದ್ಲು, ಅದಕ್ಕ ತಿರುವ್ದೆ" ಅನ್ನಲಿಲ್ಲ. ಅಂದಿದ್ರ ಚಲೋ ಇತ್ತು. ಅವತ್ತು ರಾತ್ರಿ ನನಗ ನಿದ್ದಿ ಬರಲಿಲ್ಲ. ಮಾಲು ಅಗ್ಗದ್ದಿರಲಿಲ್ರಿ. ತಪ್ಪು ನಂದಿತ್ತು.

ಒಂದು ತಿಂಗಳು ಆ ಎಂಜಿನ್ ಬಟ್ಟಿಯಾಗ ಸುತ್ತಿ ಸಂದೂಕಿನ ಮ್ಯಾಲ ಇತ್ತು. ಆಮ್ಯಾಲ ನಾನೇ ಕೇಳ್ದೆ, "ಏನ್ ತಪ್ಪಾಯ್ತು ಅಂತ ನನಗ ತಿಳಿಸಿ ಹೇಳೋ ತಮ್ಮಾ. ಪಿ.ಯು.ಸಿ. ಸೈನ್ಸ್ ಓದಾಕಿನೇ ನಾನೂ." ಅಂವ ಬಿಚ್ಚಿ ತೋರಿಸ್ದ.

ಆ ಎಂಜಿನ್ನಿನಾಗ ಪಿಸ್ಟನ್ ಅಲ್ಯುಮಿನಿಯಂದು, ಅದು ಆಡೂ ಕೊಳವಿ ಹಿತ್ತಾಳಿದು, ಕೊಳವಿ ಒಳಗ ಕ್ರೋಮಿನ ಲೇಪ. ಪಿಸ್ಟನ್ನಿಗಿ ರಿಂಗ್ ಇಲ್ಲ. ಕೊಳವಿ ತೆಳಗ ಅಗಲ, ಮ್ಯಾಲ ಹೋಗ್ತ ಹೋಗ್ತ ಕೂದಲೆಳಿಯಷ್ಟು ಸಪೂರ. ತಣ್ಣಗಿದ್ದಾಗ ಪಿಸ್ಟನ್ ತುದಿಗಿ ಹೋಗಿ ಬಿಗ್ಯಾಗಿ ಸಿಗ್ತದ. ಕಾದಾಗ ಮ್ಯಾಲಿನ ಭಾಗ ಹೆಚ್ಚು ಹಿಗ್ಗಿ, ಕೊಳವಿ ಮ್ಯಾಲಿಂದ ತೆಳಗಿನ ತನಕ ಒಂದೇ ಸಮ ಆಗ್ತದ. ಆಗ ಪಿಸ್ಟನ್ ಹಗೂರಾಗಿ ಆಡ್ತದ. ನಮಗ ಇದು ತಿಳಿಯಂಗಿಲ್ಲೇನ್ರಿ? ಒಂದು ಸ್ಟೀಲ್ ಲೋಟದಾಗ ಇನ್ನೊಂದು ಲೋಟ ಸಿಕ್ಕೊಂಡ್ರ ಹೊರಗಿನ ಲೋಟಕ್ಕ ಬಿಸಿನೀರು ಹಾಕ್ತೀವಿ, ಅದು ಹಿಗ್ಗಿ ಒಳಗಿಂದು ಬಿಟ್ಟು ಬರ್ತದ. ಅದೇ ಲೆಕ್ಕ.

ಹೊಸಾ ಎಂಜಿನ್ನಿನಾಗ ಪಿಸ್ಟನ್ನು, ಕೊಳವಿ ಇನ್ನಾ ಒಂದಕ್ಕೊಂದು ಹೊಂದಿರಂಗಿಲ್ಲ. ಕಣ್ಣಿಗಿ ಕಾಣಲಾರದ ಸಣ್ಣ ಸಣ್ಣ ಉಬ್ಬು ಇರ್ತಾವ. ಅವು ನಿದಾನಕ ತೇದು ನುಣ್ಣಗ ಆಗಬೇಕು. ಅಲ್ಲೀತನಕ ಎಣ್ಣಿ ಹೆಚ್ಚಿಗಿ ಬೇಕು, ಕಾವು ಅಳತಿಯಾಗ ಬೇಕು. ನಾ ಜೋರ ಮಾಡು ಅಂದಾಗ ಅಂವ ಎಣ್ಣಿ ಬರೂ ಸೂಜಿ ಬಿಗಿ ಮಾಡ್ದ. ಮೆಥನಾಲ್ ಕಡಿಮಿ ಆಯ್ತು. ಅದರ ಜೋಡೀನೇ ಔಡಲೆಣ್ಣಿ ಬರೂದಲ್ರಿ, ಅದೂ ಕಡಿಮಿ ಆಯ್ತು. ಉರಿ ಏರಿತು, ಎಣ್ಣಿ ಇಳೀತು. ಒಣಾ ಹಂಚಿನ ಮ್ಯಾಲ ದ್ವಾಸಿ ಹುಯ್ದಂಗ ಆಯ್ತು. ಮ್ಯಾಲ ಎಳ್ಳಮಾಸಿ ಮುಂಜಾನಿ ಥಂಡಿ ಬ್ಯಾರೆ. ಥಂಡಿ ಗಾಳಿ ದಟ್ಟ ಇರ್ತದ, ಹಿಂದಿನ ದಿನಾ ಮಧ್ಯಾಹ್ನದ ಬಿಸಲಾಗ ಬರೋಬ್ಬರಿ ಇದ್ದ ಸೂಜಿ ಮರದಿನ ಮುಂಜಾನಿ ಥಂಡ್ಯಾಗ ಕಡಿಮಿ ಬೀಳ್ತದ. ಇದು ನನಗೂ ಗೊತ್ತಿರಲಿಲ್ಲ, ಅಂವಗೂ ಹೊಳೀಲಿಲ್ಲ.

ಹೊಸಾ ಪಿಸ್ಟನ್-ಸ್ಲೀವ್ ತರಸ್ಲಾಕ 3 ಸಾವಿರ ಬೇಕಾಯ್ತು. ಈ ಸಲ ಸಂಘದ ರೊಕ್ಕ ಮುಟ್ಟಲಿಲ್ಲ. ಶಹಾಪುರದ ಒಂದು ಖಾನಾವಳಿಗಿ ಕಡಕ್ ರೊಟ್ಟಿ ಬಡದು ಕೊಟ್ಟೆ. ಎಷ್ಟು ರೊಟ್ಟಿ ಅಂತ ಎಣಸಲಿಲ್ಲ, ರೆಟ್ಟಿ ಎಣಸ್ಯಾವ.

ಎರಡನೇ ಸಲ ಪಳಗಿಸಿದ್ದು ಹ್ಯಾಂಗ ಅಂತ ಬರೀತೀನಿ, ಯಾಕಂದ್ರ ಇಂಥಾ ಹುಚ್ಚಿನ ಹುಡುಗರು ಬ್ಯಾರೆ ಮನಿಯಾಗೂ ಇರ್ತಾರ, ಅವರವ್ವಗೋಳು ಓದ್ಲಿ.

ಮೊದಲ ಮಾತು, ಯಾರಿಗೂ ಹೇಳಲಿಲ್ಲ. ನಾನು, ಅಂವ, ನಮ್ಮ ನಾಯಿ. ಬೇವಿನ ಗಿಡದ ತೆಳಗ ಜಾಲಿ ಹಲಿಗಿಗಿ ಎಂಜಿನ್ ಬಿಗದ್ವಿ. ಧೂಳು ಎದ್ದು ಒಳಗ ಹೋಗಬಾರದಂತ ನೆಲಕ್ಕ ನೀರು ಹೊಡದೆ. ಸೂಜಿ ಮೂರು ಸುತ್ತಿನ ಹತ್ತಿರ ಬಿಚ್ಚಿ ಇಟ್ಟ. ಗ್ಲೋ ಪ್ಲಗ್ಗಿಗಿ ಒಂದೂವರಿ ವೋಲ್ಟಿನ ಸೆಲ್ಲು ಹಚ್ಚಿದ. ಈ ಪ್ಲಗ್ ಮೋಟರ್‌ಸೈಕಲ್ಲಿನಂಗ ಕಿಡಿ ಹಾರಸಂಗಿಲ್ಲ. ಒಳಗ ಪ್ಲಾಟಿನಂ ಇರೂ ಸಣ್ಣ ಸುರುಳಿ ಅದ, ಒಮ್ಮಿ ಕೆಂಪಾದ್ರ ಸೆಲ್ಲು ತಗದ್ರೂ ಎಂಜಿನ್ ಓಡೂತನಕ ಕೆಂಪಗೇ ಇರ್ತದ, ಮೆಥನಾಲು ಪ್ಲಾಟಿನಮ್ಮಿಗಿ ಮುಟ್ಟಿದ್ರ ಕಾವು ಹುಟ್ತದಂತ. 1940ರ ದಶಕದ ಕೊನಿಗಿ ಅಮೆರಿಕಾದ ರೇ ಆರ್ಡನ್ ಅನ್ನಾಂವ ಇದನ್ನ ಮಾರಾಟಕ್ಕ ತಂದ. ಅದಕ್ಕ ಮೊದಲು ಈ ಸಣ್ಣ ಎಂಜಿನ್ನಿಗೂ ಕಾಯಿಲ್, ಬ್ಯಾಟರಿ ಎಲ್ಲಾ ಹೊರಸಬೇಕಾಗಿತ್ತು.

ಚಾಲೂ ಆದ ಮ್ಯಾಲ ಎರಡು ಮಿನಿಟ್ ಓಡಸೂದು, ನಿಲ್ಲಸೂದು, ಪೂರಾ ತಣ್ಣಗ ಆಗಲಾಕ ಬಿಡೂದು. ಕೈ ಹಚ್ಚಿದ್ರ ಸುಡಬಾರದು, ಅಲ್ಲೀತನಕ ಮತ್ತ ಚಾಲೂ ಮಾಡೂ ಹಂಗಿಲ್ಲ. ಆರಲಾಕ ಬಿಡೂವಾಗ ಪಿಸ್ಟನ್ ತೆಳಗ ಇಳಿಸಿ ಇಡಬೇಕು, ಮ್ಯಾಲಿನ ಸಪೂರ ಜಾಗದಾಗ ಬಿಟ್ರ ಅಲ್ಲೇ ಬಿಗ್ಯಾಗಿ ಹಿಡೀತದ. ಕಾಯೂದು, ಆರೂದು, ಮತ್ತ ಕಾಯೂದು, ಮತ್ತ ಆರೂದು. ಹೊಸಾ ಕಬ್ಬಿಣದ ಹಂಚು ನಾವು ಪಳಗಸೂದೂ ಹಿಂಗೇ ಅಲ್ರಿ? ಎಣ್ಣಿ ಸವರಿ ಕಾಸ್ತೀವಿ, ಆರಸ್ತೀವಿ, ಮತ್ತ ಸವರತೀವಿ. ಮೊದಲ ದಿನಾನೇ ದೊಡ್ಡ ಉರಿ ಹಚ್ಚಿ ರೊಟ್ಟಿ ಹಾಕಿದ್ರ ರೊಟ್ಟಿ ಹರೀತದ.

ಒಂದು ಸೂಕ್ಷ್ಮ ಅದ. ಎಣ್ಣಿ ಹೆಚ್ಚಿಗಿ ಬೇಕು ಅಂತ ಹೇಳಿ ಎಂಜಿನ್ ತಣ್ಣಗಿಟ್ಟು ತಾಸುಗಟ್ಲೆ ಬಳಬಳ ಅನಿಸಿದ್ರೂ ತಪ್ಪೇ. ಹಳೀ ಕಾಲದ ಕಬ್ಬಿಣದ ಪಿಸ್ಟನ್ನಿನ ಎಂಜಿನ್ನಿಗಿ ಅದು ಸರಿ. ಈ ಹಿತ್ತಾಳಿ ಕೊಳವಿದಕ್ಕ ಸ್ವಲ್ಪ ಕಾವು ಬೇಕೇ ಬೇಕು, ಇಲ್ಲಂದ್ರ ಮ್ಯಾಲಿನ ಬಿಗಿ ಜಾಗ ಹಿಗ್ಗಲಾರದ ಪಿಸ್ಟನ್ ಬರೇ ತಿಕ್ಕಾಡಿ ಸವೀತದ. ಅದಕ್ಕ ಸಪ್ಪಳ ಬಳಬಳಕ್ಕೂ ಚೀಂಗೂ ನಡುವಿನಾಗ ಇರಬೇಕು, ಹೊಗಿ ಕಾಣ್ತಿರಬೇಕು. ಕಾವು ನೋಡ್ಲಾಕ ಒಂದು ಹನಿ ನೀರು ಎಂಜಿನ್ನಿನ ತಲಿ ಮ್ಯಾಲ ಬಿಡೂದು. ಸುರ್ ಅಂತ ನಿದಾನಕ ಆರಿ ಹೋದ್ರ ಸರಿ. ಬಿದ್ದಕೂಡ್ಲೆ ಚಟ್ ಅಂತ ಸಿಡದ್ರ ಕಾವು ಹೆಚ್ಚಾಗ್ಯದ. ಮಗ ಇದನ್ನ ದೊಡ್ಡ ಗುಟ್ಟಿನಂಗ ಹೇಳ್ದ. ನಾ ಮೂವತ್ತು ವರ್ಷದಿಂದ ದಿನಾ ಎರಡು ಹೊತ್ತು ಅದನ್ನೇ ಮಾಡ್ಲಾಕತ್ತೀನಿ ಅಂದೆ.

ಐದಾರು ಟಾಕಿ ಎಣ್ಣಿ ಹಿಂಗ ಹೋಯ್ತು. ಓಡಿದ್ದೆಲ್ಲಾ ಕೂಡಿಸಿದ್ರ ಮುಕ್ಕಾಲು ತಾಸೂ ಇಲ್ಲ, ಆದ್ರ ಮಾಡ್ಲಾಕ ಎರಡು ದಿನಾ ಹಿಡೀತು. ಉಳಿದದ್ದೆಲ್ಲಾ ಆರೂದು ಕಾಯೂ ಹೊತ್ತೇ. ಆ ಹೊತ್ತಿನಾಗ ಅಂವ ಬೆಂಗಳೂರಿನ ಮಾತು ಎಲ್ಲಾ ಹೇಳ್ದ. ಯಾವ ಸಬ್ಜೆಕ್ಟ್ ಉಳ್ದಾವ, ಯಾಕ ಉಳ್ದಾವ, ಒಂದು ಪರೀಕ್ಷಾಕ್ಕ ಕೂಡಲೇ ಇಲ್ಲ ಅನ್ನೂದು. ಮೂರು ವರ್ಷ ನಾ ಕೇಳಿ ಕೇಳಿ ಬಾಯಿ ಬಿಡಲಾರದಾಂವ, ಪಾನಾ ಒರಸ್ಕೋತ ತಾನೇ ಹೇಳ್ದ. ನಾ "ಹೂಂ" ಅಂತ ಅಷ್ಟೇ ಅಂದೆ. ಜೋರ ಮಾಡಬಾರದು ಅಂತ ಆಗ್ಲೇ ಕಲ್ತಿದ್ದೆ.

ಪಳಗಿದ ಮ್ಯಾಲ ಟ್ಯೂನಿಂಗ್. ಇದಕ್ಕ ಮೀಟರ್ ಅದ, ಸುತ್ತು ಎಣಸೂದು, ಆದ್ರ ಖರೇ ಮೀಟರ್ ಕಿವಿ. ನಮ್ಮ ಹೆಣಮಕ್ಕಳ ಕಿವಿ ಇದಕ್ಕ ಭಾಳ ಚಲೋ ಅದ ಅಂತ ನನ್ನ ಮತ. ಹಿಟ್ಟಿನ ಗಿರಣಿಗಿ ಹೋಗೀರಲ್ಲ, ಜೋಳ ಬೀಳೂತನಕ ಕಲ್ಲಿನ ದನಿ ಭಾರ ಇರ್ತದ. ಮ್ಯಾಲಿನ ಡಬ್ಬಿ ಖಾಲಿ ಆಗ್ತ ಬಂದ್ರ ದನಿ ಏರ್ತದ. ಗಿರಣಿಯಾಂವ ಎಲ್ಲೇ ಇದ್ರೂ ಓಡಿ ಬರ್ತಾನ, ಯಾಕಂದ್ರ ಕಾಳು ಇಲ್ಲದ ಕಲ್ಲಿಗಿ ಕಲ್ಲು ಹತ್ತಿದ್ರ ಕಲ್ಲೇ ಹಾಳು. ಎಂಜಿನ್ನೂ ಹಂಗೇ. ಸೂಜಿ ಬಿಗಿ ಮಾಡ್ತ ಹೋದಂಗ ದನಿ ಏರ್ತದ, ನೋಡೂ ಮಂದೀಗಿ ಶಕ್ತಿ ಬಂತು ಅನಸ್ತದ. ಒಂದು ಹಂತದ ತನಕ ಖರೇನೂ ಶಕ್ತಿನೇ. ಅದು ದಾಟಿದ ಮ್ಯಾಲ ಏರೂ ದನಿ ಹಸಿವಿದು. ಎಳ್ಳಮಾಸಿ ದಿನಾ ನಾವು ಚಪ್ಪಾಳಿ ಬಡದದ್ದು ಅದರ ಹಸಿವಿಗಿ.

ಅದಕ್ಕ ಮೊದಲು ಎಷ್ಟು ಏರ್ತದೋ ಅಷ್ಟು ಏರಿಸಿ, ಆಮ್ಯಾಲ ಸೂಜಿ ಎರಡು-ಮೂರು ಕಟಕಟ ಹಿಂದಕ್ಕ ಬಿಚ್ಚಬೇಕು, ದನಿ ಚೂರು ಇಳೀಬೇಕು. ಅಲ್ಲಿಗಿ ಬಿಟ್ಟು ವಿಮಾನದ ಮೂತಿ ಆಕಾಶಕ್ಕ ಎತ್ತಿ ಹಿಡೀಬೇಕು. ಮೂತಿ ಎತ್ತಿದ್ರ ಎಣ್ಣಿ ಮ್ಯಾಲಕ್ಕ ಏರಬೇಕಲ್ರಿ, ಕಡಿಮಿ ಬರ್ತದ. ಆಗ ದನಿ ಚೂರು ಏರಿದ್ರ, ಇಲ್ಲಾ ಇದ್ದಂಗ ಇದ್ರ ಸರಿ. ಕುಸದ್ರ ಸೂಜಿ ಇನ್ನಾ ಬಿಚ್ಚಬೇಕು ಅಂತ ಅರ್ಥ. ನೆಲದ ಮ್ಯಾಲ ಚಂದ ಓಡಿ, ಮ್ಯಾಲ ಏರೂವಾಗ ಬಂದ್ ಬೀಳೂದು ಇದಕ್ಕೇ. ಬ್ಯಾಸಗಿ ಬಿಸಲಿಗಿ ಒಂದು ಸೂಜಿ, ಮಳಿಗಾಲದ ಪಸಿಗಿ ಒಂದು ಸೂಜಿ, ಎಳ್ಳಮಾಸಿ ಥಂಡಿಗಿ ಒಂದು ಸೂಜಿ. ಉಪ್ಪಿನ ಅಳತಿ ಬರದು ಕೊಡ್ಲಾಕ ಆಗ್ತದೇನ್ರಿ? ಹಂಗ ಇದೂನು, ದಿನಾ ರುಚಿ ನೋಡೇ ಹಾಕೂದು.

ಈಗ ಒಬ್ಬಿಬ್ಬರು ಕೇಳ್ತಾರ, "ಎಲ್ಲಾ ಬ್ಯಾಟರಿ ಬಂದಾವಲ್ಲ, ಗುಂಡಿ ಒತ್ತಿದ್ರ ಹಾರ್ತದ. ಈ ಎಣ್ಣಿ ಕೈ, ಹೊಗಿ, ಸಪ್ಪಳ ಯಾಕ ಬೇಕು?" ಅವರ ಮಾತು ಖರೇ ಅದ. ಬ್ಯಾಟರಿದು ಸ್ವಚ್ಛ, ಸಪ್ಪಳಿಲ್ಲ, ಹೊಸದಾಗಿ ಕಲಿಯಾವ್ರಿಗಿ ಸಸ್ತಾ. ಹೊಲಕ್ಕ ಔಷಧ ಹೊಡಿಯೂ ಡ್ರೋನೂ ಬ್ಯಾಟರಿ ಮ್ಯಾಲೇ ಹಾರ್ತಾವ, ಸಂಘದ ಹೆಣಮಕ್ಕಳಿಗಿ ಡ್ರೋನ್ ಕೊಡೂ ಸರಕಾರದ ಯೋಜನಾನೂ ಬಂದದ. ಅದು ಬರಲಿ, ನನ್ನ ಪಾಳಿ ಬಂದ್ರ ನಾನೂ ಕಲೀತೀನಿ. ಆದ್ರ ನಮ್ಮ ಹೊಲದ ಬೆನ್ನ ಮ್ಯಾಲ ಹೊರೂ ಪವರ್ ಸ್ಪ್ರೇಯರ್ ಇನ್ನಾ ಎಂಜಿನ್ನೇ ಅದ, ಪಂಪು ಎಂಜಿನ್ನು, ಟ್ರ್ಯಾಕ್ಟರ್ ಎಂಜಿನ್ನು. ಹೊಸಾ ಸ್ಪ್ರೇಯರ್ ತಂದು ಎಣ್ಣಿ ಅಳತಿ ನೋಡಲಾರದ ಪೆಟ್ರೋಲ್ ಸುರುವಿ, ಮೊದಲ ದಿನಾನೇ ಇಡೀ ಹತ್ತಿ ಹೊಲಕ್ಕ ಹೊಡದು ಸುಟಗೊಂಡವ್ರು ನಮ್ಮ ಓಣಿಯಾಗೇ ಅದಾರ. ನನ್ನ ಮಗ ಆ ಅಂಗೈ ಎಂಜಿನ್ನಿನ ಮ್ಯಾಲ ಕಲ್ತದ್ದು ಈಗ ಗ್ಯಾರೇಜಿನಾಗ ನಡೀತದ. ಹೊಸಾ ಎಂಜಿನ್ ಹೊರೀ ಕಟ್ಟಿದ ಮ್ಯಾಲ ಪಳಗಸ್ಲಾಕ ಮಾಲಕ ಇವನನ್ನೇ ಕರೀತಾನ. ಅದಕ್ಕ ಇದು ಆಟಿಗಿ, ರೊಕ್ಕ ಹಾಳು ಅನ್ನಾವ್ರ ಮಾತು ನಾ ಒಪ್ಪಂಗಿಲ್ಲ.

ಹಂಗಂತ ಇದರಾಗ ಹೆದರಿಕಿ ಇಲ್ಲ ಅಂತ ನಾ ಹೇಳಂಗಿಲ್ಲ. ಎರಡು ಮಾತು ತಾಯಂದಿರಿಗೇ ಹೇಳಬೇಕು.

ಒಂದು, ಮೆಥನಾಲ್ ವಿಷ. ಸ್ವಲ್ಪ ಹೊಟ್ಟಿಗಿ ಹೋದ್ರೂ ಕಣ್ಣು ಹೋಗ್ತಾವ, ಜೀವಾನೂ ಹೋಗ್ತದ. ಕಳ್ಳ ಸಾರಾಯಿ ಕುಡದು ಮಂದಿ ಸತ್ತ ಸುದ್ದಿ ಓದ್ತೀವಲ್ಲ, ಎಷ್ಟೋ ಸಲ ಅದರಾಗ ಇರೂದು ಇದೇ. ನೋಡ್ಲಾಕ ನೀರಿನಂಗೇ ಅದ. ಹತ್ಕೊಂಡ್ರ ಉರಿ ಹಗಲಿನ ಬೆಳಕಿನಾಗ ಕಣ್ಣಿಗಿ ಕಾಣಂಗಿಲ್ಲ. ಒಂದಿನ ನಮ್ಮ ಫ್ರಿಜ್ಜಿನ ಬಾಜೂಕ ನೀರಿನ ಬಾಟ್ಲಿಯಾಗ ಇಟ್ಟಿದ್ದ. ನೆಗೇಣಿ ಮೊಮ್ಮಗ ಮುಚ್ಚಳಕ್ಕ ಕೈ ಹಾಕಿದ್ದ, ನಾ ನೋಡಿ ಕಸಗೊಂಡೆ. ಅವತ್ತು ಮಾತ್ರ ಮಗಗ ಜೋರಾಗೇ ಬೈದೀನಿ. ಈಗ ತಗಡಿನ ಡಬ್ಬಿ, ಮ್ಯಾಲ ಕೆಂಪು ಬಣ್ಣದಾಗ ವಿಷ ಅಂತ ಬರದದ, ದನದ ಕೊಟ್ಟಿಗಿ ಬಾಜೂ ಖೋಲಿಯಾಗ ಕೀಲಿ ಒಳಗ ಇರ್ತದ. ಹತ್ತಿಗಿ ಹೊಡಿಯೂ ಔಷಧನೂ ಅದೇ ಕೀಲಿಯೊಳಗ ಇಟ್ಟೀನಿ, ಇಷ್ಟು ದಿನಾ ಅದು ಬಚ್ಚಲ ಮಾಡದಾಗ ಇತ್ತು.

ಎರಡು, ಪಂಖಾ. ತಿರುಗೂವಾಗ ಅದು ಕಾಣಂಗಿಲ್ಲ, ಬೆರಳು ಹೋದ್ರ ಹೋಯ್ತು. ಬೆರಳಿಲೆ ತಿರುವಿ ಚಾಲೂ ಮಾಡಬಾರದು, ಕಟಗಿ ಕೋಲು ಇಟಗೋಬೇಕು. ಸೂಜಿ ತಿರುವೂದು ಪಂಖಾದ ಹಿಂದ ನಿಂತು, ಮುಂದಿಂದ ಕೈ ಚಾಚಬಾರದು. ಹೆಣಮಕ್ಕಳು ನಿಂತ್ರ ಸೆರಗು ನಡಕ್ಕ ಬಿಗೀಬೇಕು, ತಾಳಿ ಜಂಪರಿನ ಒಳಗ ಇರಬೇಕು, ಜಡಿ ಕಟ್ಟಿರಬೇಕು. ಇದು ಹೆದರಿಸಿ ಹೆಣಮಕ್ಕಳನ್ನ ದೂರ ನಿಲ್ಲಸ್ಲಾಕ ಹೇಳೂ ಮಾತಲ್ಲ, ಹತ್ರ ನಿಂತು ಕೆಲಸ ಮಾಡ್ಲಾಕ ಹೇಳೂದು. ನಾನೇ ಈಗ ಬಾಲ ಹಿಡಿಯಾಕಿ, ಮೂತಿ ಎತ್ತಿ ತೋರಸಾಕಿ. ಕೆಲಸ ಮುಗದ ಮ್ಯಾಲ ಟಾಕ್ಯಾಗಿನ ಎಣ್ಣಿ ಪೂರಾ ಓಡಿಸಿ ಖಾಲಿ ಮಾಡಿ, ಎರಡು ಹನಿ ಎಣ್ಣಿ ಒಳಗ ಬಿಟ್ಟು ತಿರುವಿ ಇಡಾಕಿನೂ ನಾನೇ. ಮೆಥನಾಲು ಗಾಳ್ಯಾಗಿನ ಪಸಿ ಎಳಕೊಂಡು ಬೇರಿಂಗಿಗಿ ಜಂಗ್ ಹಿಡಸ್ತದ. ಈಳಿಗಿ ತೊಳದು ಒರಸಿ ಇಡಲಾರದ ಮನಿಯಾಗ ಎಂಜಿನ್ ಬಾಳಂಗಿಲ್ಲ.

ಕೊನಿಗಿ ನನ್ನ ಅಭಿಪ್ರಾಯ ಇಷ್ಟೇ. ಮಗ ಆಗ್ಲಿ ಮಗಳಾಗ್ಲಿ, ಕೈ ಹೊಲಸು ಮಾಡಕೊಂಡು ಏನರ ಕಲೀತೀನಿ ಅಂದ್ರ ಮನಿಯವ್ರು ಒಂದು ಹಲಿಗಿ, ಒಂದು ಮೂಲಿ, ಒಂದು ಕೀಲಿ ಡಬ್ಬಿ ಕೊಡ್ರಿ. ಆಗಿದ್ರ ರೊಕ್ಕನೂ ಕೊಡ್ರಿ. ಕೊಟ್ಟ ಮ್ಯಾಲ ಬಾಯಿ ಮುಚಗೊಂಡು ಬಾಜೂಕ ಕೂಡ್ರಿ. ಬೀಗರಿಗಿ ತೋರಸೂ ಆಸಿ ನಮ್ಮದು, ಸುಟ್ಟು ಹೋಗೂದು ಅವರದು. ಮೊದಲ ಐದಾರು ಟಾಕಿ ಮಂದೀಗಿ ಕಾಣಲಾರದಂಗ ಓಡಬೇಕು. ಆಮ್ಯಾಲ ಬೇಕಾದ್ರ ಊರಿಗೂರೇ ಕರೀರಿ.

ಈ ವರ್ಷ ಎಳ್ಳಮಾಸಿಗಿ ಅದೇ ಮಂದಿ ಬಂದಿದ್ರು. ಬರೂದಕ್ಕ ಮೊದಲೇ, ಮುಂಜಾನಿ ಥಂಡ್ಯಾಗ ನಾವಿಬ್ಬರೂ ಸೂಜಿ ಮೂರು ಕಟಕಟ ಬಿಚ್ಚಿ ಇಟ್ಟಿದ್ವಿ. ಚರಗ ಚೆಲ್ಲಿದ ಮ್ಯಾಲ ಹಾರಿಸ್ದ. ಪ್ಲಾಸ್ಟಿಕ್ ಶೀಟಿನಾಗ ತಾನೇ ಕಟ್ಟಿದ ವಿಮಾನ, ತೊಗರಿ ಹೊಲದ ಮ್ಯಾಲ ನಾಕು ಸುತ್ತು ಹಾಕಿ ಇಳೀತು, ಇಳಿಯೂವಾಗ ಒಂದು ಗಾಲಿ ಮುರಕೊಂತು. ಮೈದುನ, "ಇನ್ನಟು ಜೋರ ಹೋಗಂಗಿಲ್ಲೇನೋ?" ಅಂದ. ಮಗ ನನ್ನ ಮಾರಿ ನೋಡಿ ನಕ್ಕ. "ಹೋಗ್ತದ ಕಾಕಾ, ನಮ್ಮವ್ವ ಬಿಡಂಗಿಲ್ಲ" ಅಂದ. ಜೂನದಾಗ ಬಾಕಿ ಎರಡು ಸಬ್ಜೆಕ್ಟಿಗಿ ಫೀಸ್ ಕಟ್ಟೀನಿ ಅಂತ ಮೊನ್ನಿ ಹೇಳ್ದ. ಪಾಸಾಗ್ತಾನೋ ಇಲ್ಲೋ, ನಾ ಕೇಳಿಲ್ಲ.